ಸುರಂಗದ್ವಾರದಲ್ಲಿ ಕಣ್ಣು: ದೀಪದ ವರ್ಣವೂ ಚಾಲಕನ ದೃಷ್ಟಿಯೂ

ಬೇಸಿಗೆಯ ನಡುಹಗಲಿನಲ್ಲಿ ಹೊಲದಿಂದ ಬಂದವನು ನೇರವಾಗಿ ಮನೆಯ ಒಳಕೋಣೆಯನ್ನು ಹೊಕ್ಕರೆ ಕೆಲಹೊತ್ತು ಅವನಿಗೆ ಏನೂ ಕಾಣಿಸದು. ಎದುರಿಗಿದ್ದ ಕೊಡವನ್ನು ಎಡವುತ್ತಾನೆ; ಪರಿಚಿತವಾದ ಕಂಬವನ್ನೇ ಕೈಯಿಂದ ತಡವಿ ತಿಳಿಯುತ್ತಾನೆ. ಆಗ ‘ಕಣ್ಣು ಕತ್ತಲೆಗಟ್ಟಿತು’ ಎನ್ನುತ್ತೇವೆ. ಅವನೇ ಕೋಣೆಯಿಂದ ಮರಳಿ ಅಂಗಳಕ್ಕೆ ಬಂದಾಗ ‘ಕಣ್ಣು ಕೋರೈಸಿತು’ ಎನ್ನುತ್ತೇವೆ. ಎರಡು ಅನುಭವಗಳಿಗೆ ಎರಡು ಬೇರೆಯ ಮಾತುಗಳು ಕನ್ನಡದಲ್ಲಿ ಇರುವುದು ಜನರ ಸೂಕ್ಷ್ಮಾವಲೋಕನಕ್ಕೆ ಸಾಕ್ಷಿಯಾಗಿದೆ. ಹಳೆಯ ಮನೆಗಳಲ್ಲಾದರೋ ಅಂಗಳ, ಕಟ್ಟೆ, ಪಡಸಾಲೆ, ನಡುಮನೆ, ಒಳಕೋಣೆ ಎಂಬ ಕ್ರಮವಿತ್ತು. ಬೆಳಕು ಮೆಟ್ಟಿಲುಮೆಟ್ಟಿಲಾಗಿ ಇಳಿಯುತ್ತಿದ್ದುದರಿಂದ ಕಣ್ಣಿಗೆ ಅವಕಾಶ ದೊರೆಯುತ್ತಿತ್ತು. ಮೇಲಾಗಿ ಕಾಲ್ನಡಿಗೆಯವನಿಗೆ ಇನ್ನೊಂದು ಅನುಕೂಲವುಂಟು: ಕಾಣದಿದ್ದರೆ ಅವನು ನಿಲ್ಲಬಲ್ಲನು.

ವಾಹನದಲ್ಲಿ ಕುಳಿತವನಿಗೆ ಈ ಅನುಕೂಲವಿಲ್ಲ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಸಾಗುವ ವಾಹನವು ಒಂದು ಸೆಕೆಂಡಿಗೆ 22 ಮೀಟರುಗಳನ್ನು ಕ್ರಮಿಸುತ್ತದೆ. ಬಿಸಿಲಿನಿಂದ ಸುರಂಗವನ್ನು ಹೊಕ್ಕ ಚಾಲಕನ ಕಣ್ಣು ಕೇವಲ ಎರಡು ಸೆಕೆಂಡು ಕತ್ತಲೆಗಟ್ಟಿದರೂ 44 ಮೀಟರುಗಳ ಹಾದಿಯನ್ನು ಅವನು ಕುರುಡನಂತೆಯೇ ದಾಟಿದ ಹಾಗಾಯಿತು. ಆ ಹಾದಿಯಲ್ಲಿ ಕೆಟ್ಟು ನಿಂತ ಲಾರಿಯೊಂದು ಇದ್ದರೆ, ಕೆಳಗೆ ಬಿದ್ದ ದ್ವಿಚಕ್ರವಾಹನದ ಸವಾರನೊಬ್ಬನಿದ್ದರೆ ಆಗುವ ಅನಾಹುತವನ್ನು ಊಹಿಸಬಹುದು.

ರಸ್ತೆಯ ಸುರಂಗಗಳು ಈಗ ಭಾರತೀಯರಿಗೆ ಅಪರಿಚಿತವಾದ ವಸ್ತುಗಳಲ್ಲ. ಕಾಶ್ಮೀರದ ಬಾನಿಹಾಲದಲ್ಲಿ ಸುಮಾರು 2.85 ಕಿಲೋಮೀಟರ್ ಉದ್ದದ ಜವಾಹರ್ ಸುರಂಗವು 1956ರಲ್ಲಿ ತೆರೆಯಿತು. ಜಮ್ಮುವಿನ ಚೆನಾನಿ ಮತ್ತು ನಾಶ್ರಿಗಳ ನಡುವೆ 9 ಕಿಲೋಮೀಟರುಗಳ ಸುರಂಗವು 2017ರಲ್ಲಿಯೂ, ಹಿಮಾಚಲ ಪ್ರದೇಶದ ರೋಹತಾಂಗದ ಕೆಳಗೆ ಅಷ್ಟೇ ಉದ್ದದ ಅಟಲ್ ಸುರಂಗವು 2020ರಲ್ಲಿಯೂ ತೆರೆದವು. ನಮ್ಮ ನಾಡಿನಲ್ಲಿಯೇ ಕಾರವಾರದ ಬಳಿ ರಾಷ್ಟ್ರೀಯ ಹೆದ್ದಾರಿಯು ಗುಡ್ಡವನ್ನು ಕೊರೆದು ಸಾಗುತ್ತದೆ. ಇಂತಹ ಸುರಂಗಗಳ ಒಳಗೆ ಯಾವ ಬಣ್ಣದ ದೀಪವಿದ್ದರೆ ಚಾಲಕನ ಕಣ್ಣು ಬೇಗ ಹೊಂದಿಕೊಳ್ಳುತ್ತದೆ? ಹಳದಿಯೋ, ಬಿಳಿಯೋ, ಕೆಂಪೋ? ಈ ಪ್ರಶ್ನೆಯ ವಿವೇಚನೆಯೇ ಪ್ರಕೃತ ಲೇಖನದ ವಿಷಯ.

ನಯನದ ದ್ವಿವಿಧ ವ್ಯವಸ್ಥೆ

ಕಣ್ಣಿನ ಹಿಂಬದಿಯ ಅಕ್ಷಿಪಟಲದಲ್ಲಿ ನೋಟಕ್ಕೆ ಕಾರಣವಾದ ಕೋಶಗಳು ಎರಡು ಬಗೆ. ಶಂಕುವಿನ ಆಕಾರದವು ಸುಮಾರು 60 ಲಕ್ಷ. ಇವು ಹಗಲಿನ ಬೆಳಕಿನಲ್ಲಿ ಕೆಲಸ ಮಾಡುತ್ತವೆ. ಬಣ್ಣಗಳನ್ನು ಬೇರ್ಪಡಿಸಿ ತಿಳಿಸುತ್ತವೆ. ನೋಟದ ನಡುವಿನಲ್ಲಿ ಒತ್ತಾಗಿ ನೆರೆದಿರುತ್ತವೆ. ದಂಡದ ಆಕಾರದವು 9ರಿಂದ 12 ಕೋಟಿಯಷ್ಟು. ಇವು ಮಂದವಾದ ಬೆಳಕಿನಲ್ಲಿ ಎಚ್ಚರಗೊಳ್ಳುತ್ತವೆ, ಬಣ್ಣವನ್ನು ಅರಿಯವು, ನೋಟದ ಅಂಚುಗಳಲ್ಲಿ ಹರಡಿರುತ್ತವೆ. ಶಂಕುಕೋಶಗಳು ಹಗಲಿನ ಕಾವಲುಗಾರರು, ದಂಡಕೋಶಗಳು ಇರುಳಿನ ಕಾವಲುಗಾರರು ಎಂದರೆ ವಿದ್ಯಾರ್ಥಿಗಳಿಗೆ ಸುಲಭವಾಗಿ ಮನದಟ್ಟಾದೀತು.

ದಂಡಕೋಶಗಳಲ್ಲಿ ರೊಡಾಪ್ಸಿನ್ ಎಂಬ ನಸುಗೆಂಪು ನೇರಳೆಯ ದ್ರವ್ಯವಿದೆ. ಬೆಳಕು ಬಿದ್ದೊಡನೆ ಇದು ಬಣ್ಣಗೆಡುತ್ತದೆಂಬುದನ್ನು 1876ರಲ್ಲಿ ಜರ್ಮನಿಯ ಫ್ರಾನ್ಸ್ ಬೋಲ್ ಕಂಡುಹಿಡಿದನು. ಈ ದ್ರವ್ಯದ ರಚನೆಗೆ ‘ಎ’ ಜೀವಸತ್ತ್ವವು ಅವಶ್ಯಕವೆಂಬುದನ್ನು ತೋರಿಸಿದ ಅಮೆರಿಕದ ಜಾರ್ಜ್ ವಾಲ್ಡ್ 1967ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದನು. ಸೊಪ್ಪು, ಗಜ್ಜರಿ, ಪಪ್ಪಾಯಿಗಳನ್ನು ಕಾಣದ ಮಕ್ಕಳಿಗೆ ಇರುಳುಗುರುಡು ಬರುವುದು ಈ ಕಾರಣದಿಂದಲೇ.

ಬಿಸಿಲಿನಿಂದ ಕತ್ತಲೆಗೆ ಬಂದಾಗ ಕಣ್ಣು ಮೂರು ಬಗೆಯಲ್ಲಿ ಹೊಂದಿಕೊಳ್ಳುತ್ತದೆ. ಮೊದಲನೆಯದು ನರಗಳ ಹೊಂದಾಣಿಕೆ. ಇದು ಸೆಕೆಂಡಿನ ಒಂದು ಪಾಲಿನಲ್ಲಿಯೇ ನಡೆಯುತ್ತದೆ. ಎರಡನೆಯದು ಕಣ್ಣಪಾಪೆಯ ಅರಳುವಿಕೆ; ಇದಕ್ಕೆ ಹಲವು ಸೆಕೆಂಡುಗಳು ಬೇಕು. ಪಾಪೆಯ ವ್ಯಾಸವು 2 ಮಿಲಿಮೀಟರಿನಿಂದ 8 ಮಿಲಿಮೀಟರಿಗೆ ಹಿಗ್ಗಿದರೂ ಒಳಬರುವ ಬೆಳಕು 16 ಪಟ್ಟು ಮಾತ್ರ ಹೆಚ್ಚುತ್ತದೆ. ಹೊರಗಿನ ಬಿಸಿಲಿಗೂ ಸುರಂಗದ ಒಡಲಿಗೂ ಇರುವ ಅಂತರವಾದರೋ ಸಾವಿರಾರು ಪಟ್ಟು! ಮೂರನೆಯದೇ ಬಣ್ಣಗೆಟ್ಟ ದ್ರವ್ಯದ ಪುನರುತ್ಪತ್ತಿ. ಪೂರ್ಣವಾದ ಕತ್ತಲೆಯಲ್ಲಿಯೂ ಶಂಕುಕೋಶಗಳಿಗೆ ಇದಕ್ಕಾಗಿ ಹತ್ತು ನಿಮಿಷಗಳಷ್ಟು, ದಂಡಕೋಶಗಳಿಗೆ ಮೂವತ್ತರಿಂದ ನಲವತ್ತು ನಿಮಿಷಗಳಷ್ಟು ಕಾಲ ಬೇಕಾಗುತ್ತದೆ. ಈ ಕಾಲಪ್ರಮಾಣಗಳನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ವಿಚಾರವೆಲ್ಲ ಇವುಗಳನ್ನೇ ಆಧರಿಸಿದೆ.

ಕರಿಯ ಕುಳಿ

ಚಾಲಕನ ತೊಂದರೆಯು ಸುರಂಗದೊಳಗೆ ಹೊಕ್ಕಮೇಲೆ ಆರಂಭವಾಗುತ್ತದೆಂದು ತಿಳಿಯುವುದು ತಪ್ಪು. ಅದು ಹೊರಗೇ, ನೂರು ಮೀಟರುಗಳ ಈಚೆಗೇ ಆರಂಭವಾಗುತ್ತದೆ. ಆಗ ಅವನ ಕಣ್ಣು ಆಕಾಶ, ಬಂಡೆ, ರಸ್ತೆಗಳ ಪ್ರಖರತೆಗೆ ಒಗ್ಗಿರುತ್ತದೆ. ಆ ಪ್ರಖರವಾದ ಬೆಳಕಿನ ಒಂದಂಶವು ಕಣ್ಣಿನೊಳಗೇ ಚದುರಿ ಅಕ್ಷಿಪಟಲದ ಮೇಲೆ ತೆಳುವಾದ ಪರದೆಯಂತೆ ಹರಡುತ್ತದೆ. ಆದುದರಿಂದ ಒಳಗೆ ದೀಪಗಳು ಉರಿಯುತ್ತಿದ್ದರೂ ಸುರಂಗದ ಬಾಯಿ ಮಸಿ ಬಳಿದ ಗೋಡೆಯಂತೆ ತೋರುತ್ತದೆ. ತಜ್ಞರು ಇದನ್ನು ‘ಕರಿಯ ಕುಳಿ’ ಎಂದು ಕರೆದಿದ್ದಾರೆ. ಅದರೊಳಗೆ ಏನಿದೆಯೆಂದು ತಿಳಿಯದೆ ಕೆಲವು ಚಾಲಕರು ಥಟ್ಟನೆ ಬ್ರೇಕು ಹಾಕುತ್ತಾರೆ. ಹಿಂದಿನವರು ಬಂದು ಡಿಕ್ಕಿ ಹೊಡೆಯುವ ಸಂಭವವುಂಟು. ಹಿಮದ ಸೀಮೆಯಲ್ಲಿ ಈ ಕಷ್ಟವು ಇಮ್ಮಡಿಸುತ್ತದೆ. ಅಟಲ್ ಸುರಂಗವು ಸಮುದ್ರಮಟ್ಟದಿಂದ ಮೂರು ಸಾವಿರ ಮೀಟರುಗಳಿಗೂ ಮೇಲೆ ಇದೆ. ಬಿಸಿಲು ಬಿದ್ದ ಹಿಮದ ಪ್ರಖರತೆಯು ಚದರ ಮೀಟರಿಗೆ ಹತ್ತು ಸಾವಿರ ಕ್ಯಾಂಡೆಲಾಗಳನ್ನೂ ಮೀರಬಹುದು. ಅಂತಹ ಬೆಳ್ಪಿನ ನಡುವೆ ಬಾಯ್ದೆರೆದ ಸುರಂಗವು ಎಷ್ಟು ಕಪ್ಪಾಗಿ ತೋರೀತೆಂಬುದನ್ನು ಹೇಳಬೇಕಾಗಿಲ್ಲ.

ವರ್ಣದ ಪಾತ್ರ

ಇನ್ನು ಬಣ್ಣದ ವಿಚಾರ. ಬೊಹೀಮಿಯಾದ ಶರೀರಶಾಸ್ತ್ರಜ್ಞ ಯಾನ್ ಪುರ್ಕಿನ್ಯೆಯು ಒಂದು ಸಂಗತಿಯನ್ನು ಗಮನಿಸಿ 1825ರಲ್ಲಿ ಪ್ರಕಟಪಡಿಸಿದನು. ಹಗಲಿನಲ್ಲಿ ಹೊಳೆಯುವ ಕೆಂಪು ಬಣ್ಣವು ನಸುಕಿನಲ್ಲಿ ಕಪ್ಪಾಗಿಯೂ, ಹಗಲಿನಲ್ಲಿ ಮಂದವಾದ ನೀಲಿಯು ಅದೇ ನಸುಕಿನಲ್ಲಿ ಬೆಳ್ಳಗೂ ತೋರುತ್ತವೆ ಎಂಬುದೇ ಅದು. ಇದನ್ನು ಪರೀಕ್ಷಿಸಲು ಪ್ರಯೋಗಶಾಲೆ ಬೇಡ. ಶಾಲೆಯ ಅಂಗಳದ ಕೆಂಪು ದಾಸವಾಳವನ್ನು ಮುಚ್ಚಂಜೆಯ ಹೊತ್ತಿನಲ್ಲಿ ವಿದ್ಯಾರ್ಥಿಗಳು ನೋಡುತ್ತ ನಿಲ್ಲಲಿ: ಎಲೆಗಳ ಹಸುರು ಇನ್ನೂ ತಿಳಿಯಾಗಿ ಕಾಣುತ್ತಿರುವಾಗಲೇ ಹೂವು ಕಪ್ಪಾಗಿಬಿಡುವುದು ಅವರ ಅನುಭವಕ್ಕೆ ಬರುತ್ತದೆ.

ಇದಕ್ಕೆ ಕಾರಣವಿಷ್ಟು: ಶಂಕುಕೋಶಗಳು ಒಟ್ಟಾಗಿ 555 ನ್ಯಾನೊಮೀಟರ್ ತರಂಗದೂರದ ಹಳದಿಹಸುರಿಗೆ ಹೆಚ್ಚು ಸ್ಪಂದಿಸುತ್ತವೆ. ದಂಡಕೋಶಗಳು 507 ನ್ಯಾನೊಮೀಟರಿನ ನೀಲಿಹಸುರಿಗೆ ಹೆಚ್ಚು ಸ್ಪಂದಿಸುತ್ತವೆ. ಕಡುಗೆಂಪನ್ನು ಅವು ಬಹುಮಟ್ಟಿಗೆ ಕಾಣಲಾರವು. ಈ ತತ್ತ್ವವನ್ನು ತಿಳಿದ ಕೆಲವರು ಹೀಗೆ ತರ್ಕಿಸಬಹುದು: ‘ಸುರಂಗವು ಕತ್ತಲೆಯ ಸ್ಥಳ, ಕತ್ತಲೆಯಲ್ಲಿ ದಂಡಕೋಶಗಳೇ ಕಾಣುವಂಥವು, ಆದುದರಿಂದ ನೀಲಿ ಮಿಶ್ರಿತ ಬಿಳಿಯ ದೀಪವಿಟ್ಟರೆ ಕಣ್ಣು ಕೂಡಲೇ ಹೊಂದಿಕೊಳ್ಳುವುದು.’ ತರ್ಕವು ಮೇಲ್ನೋಟಕ್ಕೆ ಸರಿಯಾಗಿಯೇ ಇದೆ. ಆದರೆ ಅದರಲ್ಲಿ ಕಾಲವನ್ನು ಮರೆಯಲಾಗಿದೆ. ಬಿಸಿಲಿನಿಂದ ಬಂದವನ ದಂಡಕೋಶಗಳ ದ್ರವ್ಯವು ಬಣ್ಣಗೆಟ್ಟಿರುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ 9 ಕಿಲೋಮೀಟರಿನ ಸುರಂಗವನ್ನು ದಾಟಲು 9 ನಿಮಿಷ ಸಾಕು. ಇರುಳಿನ ಕಾವಲುಗಾರರು ಚೆನ್ನಾಗಿ ಕಣ್ಣುಜ್ಜಿ ಏಳುವುದರೊಳಗೆ ಪ್ರಯಾಣವೇ ಮುಗಿದಿರುತ್ತದೆ! ದ್ವಾರದ ಮೊದಲ ಐದಾರು ಸೆಕೆಂಡುಗಳಲ್ಲಂತೂ ಚಾಲಕನ ಪ್ರಾಣವು ಹಗಲಿನ ಕಾವಲುಗಾರರಾದ ಶಂಕುಕೋಶಗಳ ಕೈಯಲ್ಲಿಯೇ ಇದೆ. ಅವುಗಳಿಗೆ ಬೇಕಾದುದು ಸಾಕಷ್ಟು ಬೆಳಕು. ಸಮಾನ ಪ್ರಖರತೆಯ ಹಳದಿಯಾಗಲಿ ಬಿಳಿಯಾಗಲಿ, ಎದುರಿಗಿರುವ ಅಡ್ಡಿಯನ್ನು ಕಾಣಿಸುವುದರಲ್ಲಿ ಆಗ ಹೆಚ್ಚಿನ ವ್ಯತ್ಯಾಸವಿರದು.

ಕೆಂಪು ಕನ್ನಡಕದ ಪಾಠ

ಕೆಂಪು ಬೆಳಕು ಕಣ್ಣನ್ನು ಕತ್ತಲೆಗೆ ಸಿದ್ಧಗೊಳಿಸುತ್ತದೆಂಬ ಮಾತು ಪ್ರಚಾರದಲ್ಲಿದೆ. ಇದಕ್ಕೆ ಆಧಾರವೂ ಇಲ್ಲದಿಲ್ಲ. ಕ್ಷಕಿರಣಗಳ ಮಂದವಾದ ಚಿತ್ರವನ್ನು ಕತ್ತಲೆಕೋಣೆಯಲ್ಲಿ ನೋಡಬೇಕಾಗಿದ್ದ ವೈದ್ಯರಿಗಾಗಿ ಜರ್ಮನಿಯ ವಿಲ್ಹೆಲ್ಮ್ ಟ್ರೆಂಡೆಲೆನ್‌ಬುರ್ಗ್ 1916ರಲ್ಲಿ ಕೆಂಪು ಗಾಜಿನ ಕನ್ನಡಕವನ್ನು ಬಳಕೆಗೆ ತಂದನು. ದಂಡಕೋಶಗಳು ಕೆಂಪನ್ನು ಕಾಣವಾದ್ದರಿಂದ, ಅದನ್ನು ಧರಿಸಿದ ವೈದ್ಯನು ಬೆಳಕಿನಲ್ಲಿ ಓಡಾಡುತ್ತಿದ್ದರೂ ಅವನ ದಂಡಕೋಶಗಳು ಕತ್ತಲೆಯಲ್ಲಿಯೇ ಇದ್ದಂತಾಗುತ್ತಿತ್ತು. ಮುಂದೆ ಇರುಳಿನ ಕಾವಲಿಗೆ ಹೋಗುವ ನಾವಿಕರೂ ವಿಮಾನಚಾಲಕರೂ ಇದೇ ಉಪಾಯವನ್ನು ಅನುಸರಿಸಿದರು.

ಆದರೆ ಈ ಉಪಾಯವು ಸುರಂಗಕ್ಕೆ ಸಲ್ಲದು. ವೈದ್ಯನು ಅರ್ಧಗಂಟೆ ಮುಂಚಿತವಾಗಿ ಕನ್ನಡಕ ಧರಿಸುತ್ತಿದ್ದನು. ಚಾಲಕನಿಗೆ ಆ ಬಿಡುವಿಲ್ಲ. ವೈದ್ಯನು ಹೋಗುತ್ತಿದ್ದುದು ಗಾಢವಾದ ಕತ್ತಲೆಗೆ. ಚಾಲಕನು ಹೋಗುವುದು ದೀಪವಿರುವ ಸ್ಥಳಕ್ಕೆ. ಮಿಗಿಲಾಗಿ, ದ್ವಾರದಲ್ಲಿ ಕೆಂಪು ದೀಪಗಳನ್ನೇ ಸಾಲಾಗಿಟ್ಟರೆ ಮುಂದಿನ ವಾಹನದ ಬ್ರೇಕಿನ ಕೆಂಪು ದೀಪವು ಅವುಗಳಲ್ಲಿಯೇ ಕಲೆತುಹೋಗಿ ಮೂಲಕ್ಕೇ ಕೊಡಲಿಯೇಟಾದೀತು. ಒಂದು ಸಂದರ್ಭದಲ್ಲಿ ಸತ್ಯವಾದುದು ಇನ್ನೊಂದರಲ್ಲಿ ಹಾಗೆಯೇ ಸತ್ಯವಾಗಬೇಕೆಂಬ ನಿಯಮವಿಲ್ಲ. ದೇಶ, ಕಾಲ, ಪ್ರಯೋಜನಗಳನ್ನು ನೋಡಿಯೇ ತತ್ತ್ವವನ್ನು ಅನ್ವಯಿಸಬೇಕು.

ಹಳದಿಯಿಂದ ಬಿಳಿಗೆ: ಜಪಾನಿನ ನಿದರ್ಶನ

ಬೆಟ್ಟಗುಡ್ಡಗಳ ನಾಡಾದ ಜಪಾನಿನಲ್ಲಿ 1960ರ ದಶಕದಿಂದ ಹೆದ್ದಾರಿಯ ಸುರಂಗಗಳಿಗೆ ಸೋಡಿಯಂ ದೀಪಗಳನ್ನು ಹೇರಳವಾಗಿ ಬಳಸಿದರು. ಸುರಂಗವೆಂದರೆ ಕಿತ್ತಳೆಹಳದಿಯ ಬೆಳಕು ಎಂದೇ ಅಲ್ಲಿನ ಒಂದು ತಲೆಮಾರಿನ ಮನಸ್ಸಿನಲ್ಲಿ ನಿಂತುಹೋಯಿತು. ಇದರ ಕಾರಣವು ಕಣ್ಣಿನ ಹೊಂದಾಣಿಕೆಯಾಗಿರಲಿಲ್ಲ. ಕಡಿಮೆ ಒತ್ತಡದ ಸೋಡಿಯಂ ದೀಪವು ತನ್ನ ಬೆಳಕನ್ನೆಲ್ಲ ಸುಮಾರು 589 ನ್ಯಾನೊಮೀಟರಿನ ಒಂದೇ ಹಳದಿಯಲ್ಲಿ ಸೂಸುತ್ತದೆ. ಅದು ಶಂಕುಕೋಶಗಳ ಪ್ರಿಯವರ್ಣಕ್ಕೆ ಸಮೀಪವಾಗಿರುವುದರಿಂದ ಅಲ್ಪವಾದ ವಿದ್ಯುತ್ತಿನಲ್ಲಿ ಅಧಿಕವಾದ ಬೆಳಕು ದೊರೆಯುತ್ತದೆ. ದೀಪವೂ ಬಹುಕಾಲ ಬಾಳುತ್ತಿತ್ತು. ವಾಹನಗಳು ಕಪ್ಪುಹೊಗೆಯನ್ನು ಕಾರುತ್ತಿದ್ದ ಆ ದಿನಗಳಲ್ಲಿ ಹೊಗೆಯ ನಡುವೆ ಹಳದಿಯೇ ಲೇಸೆಂಬ ಭಾವನೆಯೂ ಇತ್ತು.

ಆದರೆ ಗುಣದೊಡನೆ ದೋಷವೂ ಬಂದಿತು. ಒಂದೇ ವರ್ಣದ ಬೆಳಕಿನಲ್ಲಿ ಬಣ್ಣಗಳ ಭೇದವೇ ಅಳಿದುಹೋಗುತ್ತದೆ. ಕೆಂಪು ಅಂಗಿಯೂ ನೀಲಿ ಅಂಗಿಯೂ ಬೂದಿಬಣ್ಣದ ಎರಡು ಛಾಯೆಗಳಾಗಿ ತೋರುತ್ತವೆ. ಎಚ್ಚರಿಕೆಯ ಫಲಕದ ಬಣ್ಣವು ತನ್ನ ಅರ್ಥವನ್ನು ಕಳೆದುಕೊಳ್ಳುತ್ತದೆ. ವಸ್ತುವನ್ನು ಅದರ ಹಿನ್ನೆಲೆಯಿಂದ ಬೇರ್ಪಡಿಸಲು ಕಣ್ಣಿಗೆ ಬೆಳಕಿನ ಹೆಚ್ಚುಕಡಿಮೆಯೊಂದೇ ಉಳಿಯುತ್ತದೆ. ಬಣ್ಣದ ನೆರವು ತಪ್ಪುತ್ತದೆ. ಮುಂದೆ ವಾಹನಗಳ ಹೊಗೆ ತಗ್ಗಿತು. ಉತ್ತಮವಾದ ಪ್ರತಿದೀಪ್ತ ದೀಪಗಳೂ ಅನಂತರ ಎಲ್.ಇ.ಡಿ. ದೀಪಗಳೂ ಬಂದವು, ಸುರಂಗಗಳು ಬಿಳಿಯ ಬೆಳಕಿಗೆ ತಿರುಗಿದವು. ಬಿಳಿಯ ದೀಪದ ನಿಜವಾದ ಲಾಭವು ಇಲ್ಲಿದೆ: ಅದು ಹೊಂದಾಣಿಕೆಯ ಕಾಲವನ್ನು ಮೊಟಕುಗೊಳಿಸುವುದಿಲ್ಲ, ಆದರೆ ಕಂಡದ್ದನ್ನು ಬೇಗ ಗುರುತಿಸಲು ನೆರವಾಗುತ್ತದೆ. ಎಲ್.ಇ.ಡಿ.ಯ ಇನ್ನೊಂದು ಗುಣವೆಂದರೆ ಹೊರಗಿನ ಬಿಸಿಲನ್ನು ಅನುಸರಿಸಿ ಅದನ್ನು ಕ್ಷಣದಲ್ಲಿ ಏರಿಸಬಹುದು, ಇಳಿಸಬಹುದು.

ಬೆಳಕಿನ ಮೆಟ್ಟಿಲುಗಳು

ಹಾಗಾದರೆ ಕಣ್ಣಿಗೆ ನಿಜವಾದ ಪರಿಹಾರವೇನು? ಹಳೆಯ ಮನೆಯ ಪಡಸಾಲೆಯೇ ಪರಿಹಾರ! ಅಂತಾರಾಷ್ಟ್ರೀಯ ದೀಪನ ಆಯೋಗವು 1990ರಲ್ಲಿ ಪ್ರಕಟಿಸಿ 2004ರಲ್ಲಿ ಪರಿಷ್ಕರಿಸಿದ ಮಾರ್ಗದರ್ಶಿಯ ಸಾರವು ಇಷ್ಟೇ. ಸುರಂಗದ ಬಾಯಿಯಲ್ಲಿ ಮೊದಲು ಹೊಸ್ತಿಲ ವಲಯ. ಅದರ ಉದ್ದವು ಚಾಲಕನು ವಾಹನವನ್ನು ನಿಲ್ಲಿಸಲು ಬೇಕಾದ ದೂರದಷ್ಟಿರಬೇಕು. ಭಾರತೀಯ ರಸ್ತೆಗಳ ಮಾನದಂಡದಂತೆ ಗಂಟೆಗೆ 80 ಕಿಲೋಮೀಟರ್ ವೇಗಕ್ಕೆ ಇದು 120 ಮೀಟರು. ಇಲ್ಲಿನ ಬೆಳಕು ಹೊರಗಿನ ಪ್ರಖರತೆಯ ಸುಮಾರು ಇಪ್ಪತ್ತನೆಯ ಒಂದು ಪಾಲಿನಿಂದ, ವೇಗವು ಹೆಚ್ಚಿದಂತೆ, ಹತ್ತನೆಯ ಒಂದು ಪಾಲಿನವರೆಗೆ ಇರಬೇಕಾಗುತ್ತದೆ. ವಲಯದ ಮೊದಲರ್ಧದಲ್ಲಿ ಅದು ಕುಂದಬಾರದು. ಎರಡನೆಯ ಅರ್ಧದಲ್ಲಿ ನೂರಕ್ಕೆ ನಲವತ್ತರವರೆಗೆ ಇಳಿಯಬಹುದು. ಆಮೇಲೆ ಸಂಕ್ರಮಣ ವಲಯ. ಅಲ್ಲಿ ಐದು ಸೆಕೆಂಡುಗಳ ಪ್ರಯಾಣವಾಗುವಷ್ಟರಲ್ಲಿ ಹೊಸ್ತಿಲಿನ ನೂರು ಪಾಲು ಏಳಕ್ಕೆ, ಹತ್ತು ಸೆಕೆಂಡಿಗೆ ಮೂರಕ್ಕೆ, ಇಪ್ಪತ್ತು ಸೆಕೆಂಡಿಗೆ ಒಂದಕ್ಕಿಂತ ತುಸು ಮೇಲಕ್ಕೆ ಇಳಿಯಬಹುದು. ಹೊರಗೆ ಚದರ ಮೀಟರಿಗೆ 4000 ಕ್ಯಾಂಡೆಲಾ ಇದ್ದರೆ ಹೊಸ್ತಿಲಿನಲ್ಲಿ 200, ಅದರ ಕೊನೆಗೆ 80, ಮುಂದೆ ಕ್ರಮವಾಗಿ 13, 6, 3 ಎಂಬಂತೆ ಕಣ್ಣನ್ನು ಕೈಹಿಡಿದು ಇಳಿಸಲಾಗುತ್ತದೆ. ವೇಗವು ಹೆಚ್ಚಿದಷ್ಟೂ ಮೆಟ್ಟಿಲುಗಳು ಉದ್ದವಾಗಬೇಕು. ಏಕೆಂದರೆ ಕಣ್ಣಿಗೆ ಬೇಕಾದುದು ಮೀಟರುಗಳಲ್ಲ, ಸೆಕೆಂಡುಗಳು.

ಇದರಿಂದ ವಿಚಿತ್ರವಾಗಿ ತೋರುವ ಒಂದು ನಿರ್ಣಯವು ಹೊರಡುತ್ತದೆ. ಸುರಂಗದ ಬಾಯಿಗೆ ಹೆಚ್ಚು ದೀಪ ಬೇಕಾದುದು ಇರುಳಿನಲ್ಲಲ್ಲ, ನಡುಹಗಲಿನಲ್ಲಿ! ಹಗಲು ದೀಪವೇಕೆಂದು ಮಿತವ್ಯಯದ ಹೆಸರಿನಲ್ಲಿ ದ್ವಾರದ ದೀಪಗಳನ್ನು ಆರಿಸುವವನು ಕರಿಯ ಕುಳಿಯನ್ನು ತನ್ನ ಕೈಯಾರೆ ತೋಡುತ್ತಾನೆ. ಇರುಳಿನಲ್ಲಾದರೋ ಚಾಲಕನ ಕಣ್ಣು ಮೊದಲೇ ಕತ್ತಲೆಗೆ ಒಗ್ಗಿರುವುದರಿಂದ ದ್ವಾರದ ಬೆಳಕನ್ನು ತಗ್ಗಿಸಬೇಕು. ಆಗ ಎಚ್ಚರ ವಹಿಸಬೇಕಾದುದು ಬೆಳಕಿನಿಂದ ಕತ್ತಲೆಗೆ ಹೊರಬರುವ ಕಡೆಯಲ್ಲಿ.

ದೀಪವಲ್ಲದ ಉಪಾಯಗಳೂ ಉಂಟು. ದ್ವಾರದ ಸುತ್ತಣ ಗೋಡೆಗೆ ಗಾಢವಾದ ಬಣ್ಣ ಬಳಿಯುವುದು, ಮರಗಳನ್ನು ಬೆಳೆಸಿ ಆಕಾಶವನ್ನು ಮರೆಮಾಡುವುದು, ಬಾಯಿಯ ಮುಂದೆ ಜಾಲರಿಯ ಚಪ್ಪರ ಹಾಕುವುದು, ಒಳಗೋಡೆಗಳನ್ನು ತಿಳಿಬಣ್ಣದಲ್ಲಿ ಇಡುವುದು ಇವೇ ಮೊದಲಾದುವು. ಹೊರಗಣ ಪ್ರಖರತೆ ತಗ್ಗಿದಷ್ಟೂ ಒಳಗಣ ದೀಪದ ಹೊರೆ ತಗ್ಗುತ್ತದೆ.

ಬಣ್ಣವು ನೆರವಾಗುವ ಎಡೆ

ಇಷ್ಟರಿಂದ ವರ್ಣಕ್ಕೆ ಬೆಲೆಯೇ ಇಲ್ಲವೆಂದು ಭಾವಿಸಬಾರದು. ಇರುಳಿನ ರಸ್ತೆಯಲ್ಲಿ ಶಂಕು ಮತ್ತು ದಂಡಕೋಶಗಳೆರಡೂ ಕೂಡಿ ಕೆಲಸ ಮಾಡುತ್ತವೆ. ಇದನ್ನು ಮುಚ್ಚಂಜೆಯ ದೃಷ್ಟಿಯೆನ್ನಬಹುದು. ಇದನ್ನು ಅಳೆಯುವ ಕ್ರಮವೊಂದನ್ನು ಆ ಆಯೋಗವೇ 2010ರಲ್ಲಿ ಗೊತ್ತುಪಡಿಸಿತು. ಚದರ ಮೀಟರಿಗೆ 5 ಕ್ಯಾಂಡೆಲಾಗಿಂತ ಕೆಳಗೆ ಅದು ಅನ್ವಯಿಸುತ್ತದೆ. ಅಂತಹ ಮಂದಬೆಳಕಿನಲ್ಲಿ, ರಸ್ತೆಯ ಅಂಚಿನಿಂದ ನುಗ್ಗಿಬರುವುದನ್ನು ಓರೆನೋಟದಲ್ಲಿ ಕಾಣಲು ಹಳದಿಗಿಂತ ಬಿಳಿಯ ಬೆಳಕು ಮೇಲು. ಆದರೆ ಅತಿಯಾದ ನೀಲಿಯೂ ಹಿತವಲ್ಲ. ವಯಸ್ಸಾದಂತೆ ಕಣ್ಣಿನ ಮಸೂರವು ಹಳದಿಗಟ್ಟಿ ನೀಲಿಯನ್ನು ತಡೆಯುತ್ತದೆ. ಅರವತ್ತರ ವಯಸ್ಸಿನವರ ಅಕ್ಷಿಪಟಲಕ್ಕೆ ಇಪ್ಪತ್ತರ ತರುಣನಿಗೆ ಹೋಲಿಸಿದರೆ ಸುಮಾರು ಮೂರರಲ್ಲೊಂದು ಪಾಲು ಬೆಳಕು ಮಾತ್ರ ತಲುಪುತ್ತದೆ.

ನಾರ್ವೆ ದೇಶದಲ್ಲಿ 2000ದಲ್ಲಿ ತೆರೆದ ಲೇರ್ಡಾಲ್ ಸುರಂಗವು 24.5 ಕಿಲೋಮೀಟರ್ ಉದ್ದವಿದೆ. ಅದರೊಳಗೆ ಸುಮಾರು ಆರು ಕಿಲೋಮೀಟರಿಗೊಂದರಂತೆ ಮೂರು ವಿಶಾಲವಾದ ಗುಹೆಗಳನ್ನು ಕೊರೆದು, ಮೇಲೆ ನೀಲಿಯನ್ನೂ ಕೆಳಗಿನ ಅಂಚಿನಲ್ಲಿ ಹಳದಿಯನ್ನೂ ಬೆಳಗಿಸಿ ಸೂರ್ಯೋದಯದ ಭಾವನೆಯನ್ನು ಉಂಟುಮಾಡಿದ್ದಾರೆ. ಇದು ಕಣ್ಣಿನ ಹೊಂದಾಣಿಕೆಗಾಗಿ ಅಲ್ಲ; ಏಕರೂಪವಾದ ದಾರಿಯಲ್ಲಿ ಬೇಸತ್ತ ಮನಸ್ಸನ್ನು ಎಚ್ಚರಗೊಳಿಸುವುದಕ್ಕಾಗಿ. ಬಣ್ಣವು ಮನಸ್ಸಿಗೆ ಮಾಡುವ ಉಪಕಾರವೇ ಬೇರೆ, ಕಣ್ಣಿಗೆ ಮಾಡುವ ಉಪಕಾರವೇ ಬೇರೆ ಎಂಬುದಕ್ಕೆ ಇದು ಸೊಗಸಾದ ನಿದರ್ಶನ.

ಚಾಲಕನ ಕರ್ತವ್ಯ

ಎಂಥ ದೀಪವಿದ್ದರೂ ಚಾಲಕನ ವಿವೇಕಕ್ಕೆ ಅದು ಬದಲಾಗದು. ಸುರಂಗವು ಕಣ್ಣಿಗೆ ಬಿದ್ದೊಡನೆ ವೇಗವನ್ನು ಮೆಲ್ಲನೆ ತಗ್ಗಿಸಬೇಕು; ವೇಗವನ್ನು 80ರಿಂದ 40ಕ್ಕೆ ಇಳಿಸಿದವನು ಅದೇ ದೂರದಲ್ಲಿ ಕಣ್ಣಿಗೆ ಇಮ್ಮಡಿ ಕಾಲವನ್ನು ಕೊಟ್ಟಂತಾಯಿತು. ದ್ವಾರಕ್ಕೆ ಮೊದಲೇ ತಂಪುಕನ್ನಡಕವನ್ನು ತೆಗೆಯಬೇಕು. ಬಿಸಿಲಿಗೆ ತಾನಾಗಿಯೇ ಕಪ್ಪಾಗುವ ಗಾಜು ಒಳಗೆ ಹೋದೊಡನೆ ತಿಳಿಯಾಗುವುದಿಲ್ಲವೆಂಬುದನ್ನು ಮರೆಯಬಾರದು. ವಾಹನದ ದೀಪವನ್ನು ಹೊತ್ತಿಸಬೇಕು. ಅದು ತನಗೆ ಕಾಣಲು ಮಾತ್ರವಲ್ಲ, ಕಣ್ಣು ಕತ್ತಲೆಗಟ್ಟಿ ಹಿಂದೆ ಬರುತ್ತಿರುವವನಿಗೆ ತಾನು ಕಾಣಲು. ಮುಂದಿನ ವಾಹನದಿಂದ ಸಾಕಷ್ಟು ಅಂತರವನ್ನು ಇಟ್ಟುಕೊಳ್ಳಬೇಕು. ಗಾಜಿನ ಮೇಲಿನ ಧೂಳು ಬೆಳಕನ್ನು ಚದುರಿಸುವುದರಿಂದ ಅದನ್ನು ಒರೆಸಿಯೇ ಹೊರಡಬೇಕು.

ಅಧ್ಯಾಪಕರು ತರಗತಿಯಲ್ಲಿ ಮಾಡಿಸಬಹುದಾದ ಸರಳವಾದ ಪ್ರಯೋಗವೊಂದಿದೆ. ವಿದ್ಯಾರ್ಥಿಯು ಹಗಲಿನಲ್ಲಿ ಒಂದು ಕಣ್ಣಿಗೆ ಬಟ್ಟೆಯನ್ನು ಕಟ್ಟಿಕೊಂಡು ಕಾಲು ಗಂಟೆ ಅಂಗಳದಲ್ಲಿ ಕುಳಿತಿರಲಿ. ಅನಂತರ ಕತ್ತಲೆಕೋಣೆಗೆ ಹೋಗಿ ಬಟ್ಟೆಯನ್ನು ಬಿಚ್ಚಿ, ಎರಡು ಕಣ್ಣುಗಳಿಂದಲೂ ಒಂದೊಂದಾಗಿ ನೋಡಲಿ. ಒಂದು ಕಣ್ಣಿಗೆ ಕೋಣೆಯ ಸಾಮಾನುಗಳು ತೋರುತ್ತವೆ. ಇನ್ನೊಂದಕ್ಕೆ ಗೋಡೆಯೂ ತೋರದು. ಒಬ್ಬನೇ ಮನುಷ್ಯ, ಒಂದೇ ಕೋಣೆ, ಒಂದೇ ಬೆಳಕು. ಭೇದವು ಕಾಲದ್ದು ಮಾತ್ರ.

ಆ ಭೇದವೇ ಈ ಶಾಸ್ತ್ರದ ಸಾರ. ದೀಪದ ವರ್ಣವು ಕಣ್ಣಿಗೆ ಸಹಾಯಕನಾಗಬಲ್ಲುದು. ಕಾಲದ ಕೆಲಸವನ್ನು ಅದು ಮಾಡಲಾರದು. ಇಂಜಿನಿಯರನು ಬೆಳಕಿನ ಮೆಟ್ಟಿಲುಗಳ ಮೂಲಕ ಆ ಕಾಲವನ್ನು ಕೊಡಬೇಕು. ಚಾಲಕನು ವೇಗವನ್ನು ತಗ್ಗಿಸಿ ಅದನ್ನು ಪಡೆಯಬೇಕು. ಇಬ್ಬರೂ ತಮ್ಮ ತಮ್ಮ ಕೆಲಸವನ್ನು ಮಾಡಿದರೆ, ಹೊಸ್ತಿಲಾಚೆ ಕೆಟ್ಟು ನಿಂತ ಲಾರಿಯೂ ಕೆಳಗೆ ಬಿದ್ದ ಸವಾರನೂ ಹೊತ್ತಿಗೆ ಸರಿಯಾಗಿ ಕಣ್ಣಿಗೆ ಬೀಳುತ್ತಾರೆ.